ಪಾಲಿಮರ್ ಕ್ಲೇ ಜುಮುಕಿ: ಚಿನ್ನದ ಬಣ್ಣ ಎದ್ದು ಬರ್ತಿದೆ, ವಾರ್ನಿಶ್ ಅಂಟ್ತಿದೆ

ಮಣಿಸರ:
ಬೇಕ್ ಮಾಡಿದ ಕಪ್ಪು ಪಾಲಿಮರ್ ಕ್ಲೇ, ಟೆಂಪಲ್ ಡಿಸೈನ್ ಜುಮುಕಿ. ಉಬ್ಬಿದ ಬಳ್ಳಿ, ಚುಕ್ಕಿಗಳಿಗೆ ಮಾತ್ರ ಆಂಟಿಕ್ ಚಿನ್ನದ ಬಣ್ಣ ಬೇಕು. ಮೆಟಾಲಿಕ್ ಅಕ್ರಿಲಿಕ್ ಹಚ್ಚಿದ್ರೆ ತಗ್ಗಿಗೆಲ್ಲ ಇಳಿದು ಡಿಸೈನ್ ಮುಚ್ಚಿಹೋಗುತ್ತೆ. ಅಂಚಿಗೆ ಉಗುರು ತಾಗಿದ್ರೆ ಸಿಪ್ಪೆ ಏಳುತ್ತೆ. ಸ್ಪ್ರೇ ವಾರ್ನಿಶ್ ಹೊಡೆದಿದ್ದು ವಾರ ಆದ್ರೂ ಕೈಗೆ ಅಂಟುತ್ತೆ. ಗೊತ್ತಿರೋರು ಹೇಳಿ.

ಕುಂಚಕಡ್ಡಿ:
ಸ್ಪ್ರೇ ವಿಷಯ ಮೊದಲು. ಅದು ಒಣಗೋ ಅಂಟಲ್ಲ, ಕಾಯಬೇಡಿ. ಈ ಕ್ಲೇ ಅಂದ್ರೆ ಪಿವಿಸಿ ಪ್ಲಾಸ್ಟಿಕ್ ಮತ್ತು ಅದನ್ನ ಮೆತ್ತಗಿಡೋ ಪ್ಲಾಸ್ಟಿಸೈಜರ್. ಬೆಂದ ಮೇಲೂ ಪ್ಲಾಸ್ಟಿಸೈಜರ್ ಒಳಗೇ ಇರುತ್ತೆ. ಸ್ಪ್ರೇನಲ್ಲಿರೋ ಸಾಲ್ವೆಂಟ್ (ಕರಗಿಸೋ ದ್ರವ) ಜೊತೆ ಸೇರಿ ಮೇಲ್ಪದರ ಮೆತ್ತಗಾಗುತ್ತೆ. ನೇಲ್ ಪಾಲಿಶ್, ಎನಾಮೆಲ್ ಪೇಂಟ್ ಹಚ್ಚಿದ್ರೂ ಇದೇ ಗತಿ. ನೀರಿನಲ್ಲಿ ಕರಗೋ ಬಣ್ಣ, ನೀರಿನ ವಾರ್ನಿಶ್ ಮಾತ್ರ ಬಳಸಿ.

ಸಿಪ್ಪೆ ಏಳೋದು ಕೈಯ ಜಿಡ್ಡಿನಿಂದ, ಇಲ್ಲವೇ ದಪ್ಪ ಪದರದಿಂದ. ಹಳೇ ಟೂತ್‌ಬ್ರಷ್, ಪಾತ್ರೆ ಸೋಪಿನಲ್ಲಿ ಉಜ್ಜಿ ತೊಳೆದು, ಒಣಗಿದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ನುಣ್ಣಗಿರೋ ಅಂಚಿಗೆ 400 ಗ್ರಿಟ್‌ನ ವಾಟರ್ ಪೇಪರ್ (ಉಜ್ಜೋ ಕಾಗದ) ಹಗುರಾಗಿ ಆಡಿಸಿದ್ರೆ ಬಣ್ಣಕ್ಕೆ ಹಿಡಿತ ಸಿಗುತ್ತೆ.

ಡಿಸೈನ್ ಮುಚ್ಚೋದಕ್ಕೆ ಕಾರಣ ಬ್ರಷ್‌ನಲ್ಲಿರೋ ನೀರು. ಚಪ್ಪಟೆ, ಗಡಸು ಕೂದಲಿನ ಬ್ರಷ್ ತಗೊಳ್ಳಿ, ಪೂರ್ತಿ ಒಣಗಿರಬೇಕು. ತುದಿಗೆ ಚೂರು ಬಣ್ಣ ತಾಗಿಸಿ, ರಟ್ಟಿನ ಮೇಲೆ ಉಜ್ಜಿ ಉಜ್ಜಿ ಬರೀ ಧೂಳಿನಂಥ ಗುರುತು ಉಳಿಯೋವರೆಗೂ ಖಾಲಿ ಮಾಡಿ. ಆಮೇಲೆ ಬ್ರಷ್ ಮಲಗಿಸಿ, ಬಳ್ಳಿಗೆ ಅಡ್ಡಲಾಗಿ ಸವರಿ. ಮೊದಲ ಸಲ ಏನೂ ಕಾಣಲ್ಲ. ಮೂರು ನಾಲ್ಕು ಸಲಕ್ಕೆ ಉಬ್ಬು ಮಾತ್ರ ಹೊಳೆಯುತ್ತೆ. ತಗ್ಗಿಗೆ ಇಳಿದಿದ್ರೆ ಅದೇ ಆಲ್ಕೋಹಾಲ್ ಅದ್ದಿದ ಇಯರ್‌ಬಡ್ ಸಾಕು.

ಬಣ್ಣ ಪೂರ್ತಿ ಒಣಗಿದ ಮೇಲೆ ಮತ್ತೆ 10 ನಿಮಿಷ ಓವನ್‌ನಲ್ಲಿಡಿ. ಹಸಿ ಇದ್ರೆ ಗುಳ್ಳೆ ಬರುತ್ತೆ. ಉಷ್ಣತೆ ಪ್ಯಾಕೆಟ್‌ನಲ್ಲಿ ಬರೆದಷ್ಟೇ: ಫಿಮೋ ಬ್ರ್ಯಾಂಡ್ ಕ್ಲೇ ಆದ್ರೆ 110 ಡಿಗ್ರಿ ಸೆಲ್ಸಿಯಸ್, ಪ್ರೀಮೋ ಆದ್ರೆ 130. ಓಟಿಜಿಯ (ಮನೆಯ ಚಿಕ್ಕ ಓವನ್) ಗುಂಡಿ ನಂಬಬೇಡಿ, ಒಳಗೆ ಥರ್ಮಾಮೀಟರ್ ಇಡಿ. ಅತಿಯಾಗಿ ಕಾದ ಪಿವಿಸಿಯಿಂದ ಕೆಟ್ಟ ಹೊಗೆ ಬರುತ್ತೆ.

ತಾಮ್ರಗೆಂಪು:
ಕಪ್ಪಿನ ಮೇಲೆ ನೇರ ಚಿನ್ನ ಬೇಡ. ಮೆಟಾಲಿಕ್ ಬಣ್ಣದಲ್ಲಿರೋದು ಹೆಚ್ಚಾಗಿ ಮೈಕಾ (ಅಭ್ರಕ), ಅದರೊಳಗಿಂದ ತಳದ ಬಣ್ಣ ಕಾಣಿಸ್ತದೆ. ಕಪ್ಪಿನ ಮೇಲೆ ಹಸಿರು ಛಾಯೆ ಹೊಡೀತದೆ. ಮೊದಲು ಬರ್ನ್ಟ್ ಸಿಯೆನ್ನಾ ಅಥವಾ ಕಾವಿ ಬಣ್ಣ ಇದೇ ರೀತಿ ಸವರಿ, ಅದರ ಮೇಲೆ ಚಿನ್ನ.

ಹೊಸದಾಗಿ ಮಾಡೋದಾದ್ರೆ ಪೇಂಟೇ ಯಾಕೆ? ಹಸಿ ಕ್ಲೇ ಮೇಲೆ ಬೆರಳ ತುದಿಯಿಂದ ಮೈಕಾ ಪೌಡರ್ ಸವರಿ ಬೇಕ್ ಮಾಡಿ. ಸಿಪ್ಪೆ ಏಳೋಕೆ ಪದರವೇ ಇರೋದಿಲ್ಲ. ಮಾಸ್ಕ್ ಹಾಕಿಕೊಳ್ಳಿ, ಫ್ಯಾನ್ ಆರಿಸಿ.

ಕುಂಚಕಡ್ಡಿ:
ಒಪ್ಪಿದೆ, ಆದ್ರೆ ಸೀಲ್ ಮಾಡದಿದ್ರೆ ಆ ಪೌಡರ್ ಕುತ್ತಿಗೆಗೆ ಮೆತ್ತುತ್ತೆ. ಸೂಕ್ಷ್ಮ ಚುಕ್ಕಿಗಳಿಗೆ ಬೆರಳು ಆಗಲ್ಲ, ಬ್ರಷ್ಷೇ ಸರಿ.

ಮಣಿಸರ:
ವಾರ್ನಿಶ್ ಮ್ಯಾಟ್ ಆದ್ರೆ ನಡೆಯುತ್ತಾ?

ತಾಮ್ರಗೆಂಪು:
ಬೇಡ. ಹೊಳಪು ಸತ್ತು ಅರಿಶಿನ ಬಳಿದ ಹಾಗೆ ಕಾಣ್ತದೆ. ಹೊಳಪಿನ (ಗ್ಲಾಸಿ) ನೀರಿನ ಪಾಲಿಯುರಥೇನ್ ವಾರ್ನಿಶ್, ತೆಳ್ಳಗೆ ಎರಡು ಕೋಟ್. ಮೊದಲ ಕೋಟ್ ಒಂದೇ ಎಳೆತ. ಹಿಂದೆ ಮುಂದೆ ತಿಕ್ಕಿದ್ರೆ ಚಿನ್ನ ಬ್ರಷ್‌ಗೆ ಬರ್ತದೆ.