ಕಾರಿನ ಸ್ಪೀಕರ್‌ನಲ್ಲಿ ಕುಂಯ್ ಸದ್ದು, ಪಾಡುಪಟ್ಟವರು ದಾರಿ ತೋರಿಸಿ

ಹಾವೇರಿಯಿಂದ:
ಎಲ್ಲರಿಗೂ ನಮಸ್ಕಾರ. ಅಪ್ಪನ ಹಳೇ ಕಾರಿಗೆ ನಾನೇ ಒಂದು ಆಡಿಯೋ ಸೆಟ್ ಕಟ್ಟಿದ್ದೀನಿ. ಮುಂದೆ ಡ್ಯಾಶ್‌ಬೋರ್ಡ್‌ನಲ್ಲಿ ಬ್ಲೂಟೂತ್ ಮಾಡ್ಯೂಲ್, ವಾಲ್ಯೂಮ್ ಮತ್ತು ಡಿಸ್‌ಪ್ಲೇಗೆ ಇಎಸ್‌ಪಿ32 ಅನ್ನೋ ಪುಟ್ಟ ಕಂಟ್ರೋಲರ್ ಬೋರ್ಡ್, ಎರಡಕ್ಕೂ 5 ವೋಲ್ಟ್ ಕೊಡೋಕೆ ಎಲ್‌ಎಂ2596 ಬಕ್ ಕನ್ವರ್ಟರ್ (ಬ್ಯಾಟರಿಯ ವೋಲ್ಟೇಜ್ ಇಳಿಸೋ ಸರ್ಕ್ಯೂಟ್). ಸ್ಪೀಕರ್ ಓಡಿಸೋ ಆಂಪ್ (ಆಂಪ್ಲಿಫೈಯರ್) ಹಿಂದೆ ಡಿಕ್ಕಿಯಲ್ಲಿದೆ. ಮನೇಲಿ ಟೇಬಲ್ ಮೇಲಿಟ್ಟು ಬ್ಯಾಟರಿಗೆ ಹಾಕಿ ಕೇಳಿದಾಗ ಚೆನ್ನಾಗಿತ್ತು. ಕಾರಿಗೆ ಕೂರಿಸಿದ ಮೇಲೆ ಹಾಡು ನಿಂತಾಗೆಲ್ಲ ಟಿಕ್ ಟಿಕ್ ಝರ್ ಅನ್ನುತ್ತೆ. ಇಂಜಿನ್ ಚಾಲೂ ಆದರೆ ಜೊತೆಗೆ ಕುಂಯ್ ಅಂತ ಇನ್ನೊಂದು ಸದ್ದು. ಅಂಗಡಿಯವರು ಕೊಟ್ಟ ನಾಯ್ಸ್ ಫಿಲ್ಟರನ್ನ ಆಂಪ್‌ನ ಪವರ್ ವೈರಿಗೆ ಹಾಕಿದೆ, ಏನೂ ಬದಲಾಗಲಿಲ್ಲ. ಯಾರಾದರೂ ಇದನ್ನ ದಾಟಿ ಬಂದಿದ್ದರೆ ಹೇಳಿ.

ದಾವಣಗೆರೆಯಿಂದ:
ಕಾರಿಗೆ ಸೆಟ್ ಕೂರಿಸೋ ಕೆಲಸದಲ್ಲಿ 17 ವರ್ಷ ಆಯ್ತು ಸರ್. ನಿಮ್ಮ ಕಾರಲ್ಲಿ ಎರಡು ಬೇರೆ ಬೇರೆ ಕಾಯಿಲೆ ಇವೆ, ಒಂದೇ ಗುಳಿಗೆ ನುಂಗಿಸಿದರೆ ಎರಡೂ ವಾಸಿಯಾಗಲ್ಲ. ಇಂಜಿನ್ ರೇಸ್ ಮಾಡಿದಂತೆ ಸದ್ದು ಸಣ್ಣಗಾಗ್ತಾ ಮೇಲೇರಿದರೆ ಅದು ಬ್ಯಾಟರಿ ಚಾರ್ಜ್ ಮಾಡೋ ಅಲ್ಟರ್ನೇಟರ್‌ದು. ಇಂಜಿನ್ ನಿಮಿಷಕ್ಕೆ 800 ಸುತ್ತಿನಲ್ಲಿದ್ದಾಗ, ಪುಲ್ಲಿ ಎರಡೂವರೆ ಪಟ್ಟು ಅಂದುಕೊಂಡರೆ ಅಲ್ಟರ್ನೇಟರ್ 2000 ಸುತ್ತುತ್ತೆ. 6 ಜೋಡಿ ಧ್ರುವದ ಅಲ್ಟರ್ನೇಟರ್ ಆದರೆ ಒಂದು ಸುತ್ತಿಗೆ 36 ಏರಿಳಿತ, ಅಂದರೆ ಸುಮಾರು 1200 ಹರ್ಟ್ಸ್. ಕಿವಿಗೆ ಚುಚ್ಚೋ ಜಾಗವೇ ಅದು. ಇಂಜಿನ್ ಆಫ್ ಇದ್ದು ಬರೀ ಕೀ ತಿರುಗಿಸಿದಾಗಲೂ ಬರೋ ಟಿಕ್ ಟಿಕ್ ನಿಮ್ಮ ಡಿಜಿಟಲ್ ಬೋರ್ಡ್‌ಗಳದ್ದು.

ಏನೂ ಖರೀದಿ ಮಾಡೋ ಮುಂಚೆ ಒಂದು ಕೆಲಸ ಮಾಡಿ. ಎರಡು ಖಾಲಿ ಆರ್‌ಸಿಎ ಪಿನ್ (ಆಡಿಯೋ ಕೇಬಲ್ ತುದಿಯ ಪ್ಲಗ್) ತಗೊಂಡು, ನಡುವಿನ ಕಡ್ಡಿಗೂ ಹೊರಗಿನ ಬಳೆಗೂ ಸೇರಿಸಿ ಬೆಸುಗೆ ಹಾಕಿ. ಆಂಪ್ ಆಫ್ ಮಾಡಿ, ಬಂದಿರೋ ಕೇಬಲ್ ಕಿತ್ತು ಆ ಜಾಗಕ್ಕೆ ಇವನ್ನ ಹಾಕಿ, ಮತ್ತೆ ಆನ್ ಮಾಡಿ. ಆಮೇಲೂ ಸದ್ದಿದ್ದರೆ ಆಂಪ್‌ನ ಪವರ್ ಕಡೆ ನೋಡಿ. ಪೂರ್ತಿ ಸುಮ್ಮನಾದರೆ ಸದ್ದು ಕೇಬಲ್ ಹಿಡಿದು ಮುಂದಿನಿಂದ ಬರ್ತಿದೆ ಅಂತ ಅರ್ಥ, ಪವರ್ ವೈರಿಗೆ ಎಷ್ಟು ಫಿಲ್ಟರ್ ಹಾಕಿದರೂ ದಂಡ.

ಆಮೇಲೆ ಅರ್ಥಿಂಗ್, ಅಂದರೆ ಕಾರಿನ ಬಾಡಿಗೆ ಸೇರಿಸೋ ಗ್ರೌಂಡ್ ವೈರ್. ಹಿಂದಿನ ತಿಂಗಳು ಇಂಥದ್ದೇ ಒಂದು ಗಾಡಿ ಬಂದಿತ್ತು. ಹಾಡು ಜೋರಾಗಿ ಹಾಕಿ, ಡ್ಯಾಶ್‌ಬೋರ್ಡ್ ಹತ್ತಿರದ ಗ್ರೌಂಡ್‌ಗೂ ಆಂಪ್‌ನ ಗ್ರೌಂಡ್ ಟರ್ಮಿನಲ್‌ಗೂ ಮೀಟರ್ ಇಟ್ಟರೆ 0.3 ವೋಲ್ಟ್ ತೋರಿಸ್ತು. ಬೋಲ್ಟ್ ಬಿಚ್ಚಿ ನೋಡಿದರೆ ರಿಂಗ್ ಟರ್ಮಿನಲ್ ಬಣ್ಣದ ಮೇಲೆ ಕೂತಿದೆ! ಕರೆಂಟೆಲ್ಲ ಬೋಲ್ಟ್‌ನ ಥ್ರೆಡ್ ಮೂಲಕವೇ ಹರೀತಿತ್ತು. ಎಂಟಾಣೆ ಅಗಲದಷ್ಟು ಬಣ್ಣ ಉಜ್ಜಿ ಹೊಳೆಯೋ ತಗಡು ಕಾಣಿಸಿದ ಮೇಲೆ, ಹಲ್ಲಿನ ವಾಷರ್ ಹಾಕಿ ಬಿಗಿ ಮಾಡಿದೆ, ತುಕ್ಕು ಹಿಡೀದಂಗೆ ಮೇಲೆ ಗ್ರೀಸ್ ಸವರಿದೆ. ಮುಕ್ಕಾಲು ಪಾಲು ಸದ್ದು ಅಲ್ಲೇ ಹೋಯ್ತು. ಸೀಟ್ ಬೆಲ್ಟ್ ಬೋಲ್ಟ್‌ಗೆ ಮಾತ್ರ ಅರ್ಥಿಂಗ್ ಕೊಡಬೇಡಿ, ಅದು ಜೀವ ಉಳಿಸೋ ಬೋಲ್ಟ್.

ಬೆಂಗಳೂರಿನಿಂದ:
ದಾವಣಗೆರೆಯವರು ಹೇಳಿದ್ದಕ್ಕೆ ಡಿಜಿಟಲ್ ಕಡೆಯದ್ದು ಸೇರಿಸ್ತೀನಿ, ಪವರ್ ಸಪ್ಲೈ ಡಿಸೈನ್ ನನ್ನ ಕೆಲಸ. ಬ್ಲೂಟೂತ್ ಮಾಡ್ಯೂಲ್ ಕರೆಂಟನ್ನ ಒಂದೇ ಸಮ ಎಳೆಯಲ್ಲ, ರೇಡಿಯೋ ಮಾತಾಡಿದಾಗೆಲ್ಲ ಗುಟುಕು ಗುಟುಕಾಗಿ ಎಳೆಯುತ್ತೆ. ಆ ಕರೆಂಟ್ ವಾಪಸ್ ಹೋಗೋ ವೈರೂ ಆಡಿಯೋ ಗ್ರೌಂಡೂ ಒಂದೇ ಆದರೆ, ವೈರಿನಲ್ಲಿ ಬೀಳೋ ಕೆಲವೇ ಮಿಲಿವೋಲ್ಟ್ ಹಾಡಿನ ಜೊತೆ ಸೇರಿ ಆಂಪ್‌ಗೆ ಹೋಗುತ್ತೆ. ನನಗೆ ಕೆಲಸ ಕೊಟ್ಟಿದ್ದು ಬಿ0505ಎಸ್ ಅನ್ನೋ ಪುಟ್ಟ ಐಸೊಲೇಟೆಡ್ ಕನ್ವರ್ಟರ್. 5 ವೋಲ್ಟ್ ಒಳಗೆ, 5 ವೋಲ್ಟ್ ಹೊರಗೆ, ನಡುವೆ ಗ್ರೌಂಡ್ ಸಂಬಂಧವೇ ಇಲ್ಲ. 1 ವ್ಯಾಟ್ ಅಂದರೆ 200 ಮಿಲಿಆಂಪ್ ಅಷ್ಟೇ, ಅದಕ್ಕೇ ಬ್ಲೂಟೂತ್‌ಗೆ ಮಾತ್ರ ಕೊಡಿ, ಇಎಸ್‌ಪಿ32ಗೆ ಬೇಡ. ಎಸ್.ಪಿ. ರೋಡ್‌ನಲ್ಲಿ ಕೇಳಿದರೆ ಸಿಗುತ್ತೆ. ಇಲ್ಲಿ ನಾನೇ ಎರಡು ದಿನ ತಲೆ ಕೆಡಿಸಿಕೊಂಡ ಒಂದು ವಿಷಯ ಇದೆ: ಇಎಸ್‌ಪಿ32ರಿಂದ ಮಾಡ್ಯೂಲ್‌ಗೆ ಕಂಟ್ರೋಲ್ ವೈರ್ ಎಳೆದಿದ್ದರೆ ಅದರ ಜೊತೆಯ ಗ್ರೌಂಡ್ ವೈರಿನಿಂದ ಎರಡೂ ಕಡೆ ಮತ್ತೆ ಒಂದಾಗುತ್ತೆ. ಅಲ್ಲಿ ಆಪ್ಟೋಕಪ್ಲರ್ (ವೈರಿನ ಸಂಬಂಧ ಇಲ್ಲದೆ ಬೆಳಕಿನಿಂದ ಸಿಗ್ನಲ್ ದಾಟಿಸೋ ಬಿಡಿಭಾಗ) ಹಾಕಲೇಬೇಕು.

ಡಿಸ್‌ಪ್ಲೇ ಬೆಳಕಿನ ಪಿಡಬ್ಲ್ಯೂಎಂ (ಬೆಳಕು ಹೆಚ್ಚು ಕಡಿಮೆ ಮಾಡೋಕೆ ವೇಗವಾಗಿ ಆನ್-ಆಫ್ ಮಾಡೋದು) 1 ಕಿಲೋಹರ್ಟ್ಸ್‌ನಲ್ಲಿದ್ದರೆ 25ಕ್ಕೆ ಏರಿಸಿ, ಕಿವಿಯ ಆಚೆ ಹೋಗುತ್ತೆ. ಬಕ್ ಕನ್ವರ್ಟರ್‌ಗೆ ಕರೆಂಟ್ ಒಳಬರೋ ಕಡೆ 100 ಮೈಕ್ರೋಹೆನ್ರಿ ಕಾಯಿಲ್, 1000 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್, ಅದರ ಪಕ್ಕಕ್ಕೇ 0.1ರ ಸಿರಾಮಿಕ್. ಈ ಜೋಡಿ ಸುಮಾರು 500 ಹರ್ಟ್ಸ್‌ನಿಂದ ಮೇಲಿನದ್ದನ್ನ ತಡೆಯುತ್ತೆ. ಕೆಪ್ಯಾಸಿಟರ್ 35 ವೋಲ್ಟ್‌ನದ್ದೇ ಇರಲಿ, ಕಾರಿನ ಲೈನಿನಲ್ಲಿ ಏಳೋ ಸ್ಪೈಕ್‌ಗೆ 16 ವೋಲ್ಟ್‌ನದ್ದು ತಡೆಯಲ್ಲ. ವೈರಿಗೆ ಕಚ್ಚಿಸೋ ಫೆರೈಟ್ ಮಣಿ ಮೆಗಾಹರ್ಟ್ಸ್ ಮಟ್ಟದ ಗದ್ದಲಕ್ಕೆ ಸರಿ, ಕುಂಯ್ ಸದ್ದಿಗೆ ಅದರಿಂದ ಉಪಯೋಗವಿಲ್ಲ.

ಎಎಂ ರೇಡಿಯೋ ಕೇಳೋರಿಗೆ ಒಂದು ಮಾತು. ಎಲ್‌ಎಂ2596 ಓಡೋದು 150 ಕಿಲೋಹರ್ಟ್ಸ್ ಆಸುಪಾಸಿನಲ್ಲಿ. ಅದು 153ಕ್ಕೆ ಜಾರಿದರೆ ಅದರ ಗದ್ದಲದ ನಾಲ್ಕು ಪಟ್ಟು ನೇರ ಬೆಂಗಳೂರು ಆಕಾಶವಾಣಿಯ 612ರ ಮೇಲೆ, ಐದು ಪಟ್ಟು ಧಾರವಾಡದ 765ರ ಮೇಲೆ ಕೂರುತ್ತೆ! ತಗಡಿನ ಡಬ್ಬಿಯೊಳಗಿಟ್ಟು, ಡಬ್ಬಿಯನ್ನ ಗ್ರೌಂಡ್‌ಗೆ ಸೇರಿಸಿ.

ಮಂಗಳೂರಿನಿಂದ:
ಆರ್‌ಸಿಎ ಮಧ್ಯೆ ಹಾಕೋ ಗ್ರೌಂಡ್ ಲೂಪ್ ಐಸೊಲೇಟರ್ ನಾನು ಬಳಸಿದ್ದೆ. ಸದ್ದು ಹೋಯ್ತು, ಜೊತೆಗೆ ಬೇಸ್ ಕೂಡ ಹೋಯ್ತು. ಅಗ್ಗದವುಗಳ ಒಳಗಿನ ಟ್ರಾನ್ಸ್‌ಫಾರ್ಮರ್ ತೀರಾ ಸಣ್ಣದು, ತಬಲಾದ ಬಾಯಾನೇ ಕೇಳಿಸಲ್ಲ. ತೊಂದರೆ ಎಲ್ಲಿದೆ ಅಂತ ಹುಡುಕೋಕೆ ಒಂದು ಇಟ್ಟುಕೊಳ್ಳಿ, ಕಾಯಂ ಬೇಡ.

ಹಾವೇರಿಯಿಂದ:
ಎಲ್ಲರಿಗೂ ಧನ್ಯವಾದ. ಶಾರ್ಟ್ ಪಿನ್ ಹಾಕಿದ ಕೂಡಲೇ ಎರಡೂ ಸದ್ದು ನಿಂತವು, ಅಂಗಡಿಯ ಫಿಲ್ಟರ್ ಕಿತ್ತು ತೆಗೆದೆ. ಬೋಲ್ಟ್ ಕೆಳಗೆ ಬಣ್ಣ ಇದ್ದೇ ಇತ್ತು, ಉಜ್ಜಿದೆ. ಬೆಂಗಳೂರಿನ ಮೇಡಂ ಹೇಳಿದ ಬಿ0505ಎಸ್ ಹಾಕಿದ ಮೇಲೆ ಟಿಕ್ ಟಿಕ್ ಇಲ್ಲವೇ ಇಲ್ಲ. ಕುಂಯ್ ಮಾತ್ರ ಕಿಟಕಿ ಏರಿಸಿ ಕೂತರೆ ಸಣ್ಣಗೆ ಇನ್ನೂ ಕೇಳುತ್ತೆ.

ದಾವಣಗೆರೆಯಿಂದ:
ಆಂಪ್‌ನ ಗೇನ್ (ಒಳಬರೋ ಸಿಗ್ನಲನ್ನ ಎಷ್ಟು ದೊಡ್ಡದು ಮಾಡಬೇಕು ಅನ್ನೋ ತಿರುಪು) ಎಲ್ಲಿಟ್ಟಿದ್ದೀರಿ? ಪೂರ್ತಿ ಬಲಕ್ಕೆ ತಿರುಗಿಸಿದ್ದರೆ ಕಾಲು ಭಾಗಕ್ಕೆ ಇಳಿಸಿ, ಬ್ಲೂಟೂತ್ ಕಡೆ ವಾಲ್ಯೂಮ್ ಏರಿಸಿ. ಆರ್‌ಸಿಎ ಕೇಬಲ್ ಪವರ್ ವೈರ್ ಪಕ್ಕದಲ್ಲೇ ಹೋಗಿದ್ದರೆ ಕಿತ್ತು ಕಾರಿನ ಇನ್ನೊಂದು ಬದಿಯಿಂದ ಎಳೆಯಿರಿ. ಅರ್ಧ ದಿನದ ಕೆಲಸ, ಆದರೆ ಮಾಡಿ.