ಸಹಾಯ ಬೇಕು: ಅಪ್ಪನ ಪ್ರಾಸ್ಟೇಟ್ ಗಾತ್ರ, ಎರಡು ಸ್ಕ್ಯಾನ್‌ಗೆ ಎರಡು ಲೆಕ್ಕ

ಎಲ್ಲರಿಗೂ ನಮಸ್ಕಾರ. ಗ್ರೂಪಿನಲ್ಲಿ ರೇಡಿಯಾಲಜಿ, ಯೂರಾಲಜಿಯವರು ಇದ್ದರೆ ದಯವಿಟ್ಟು ಒಂಚೂರು ನೋಡಿ.

ಅಪ್ಪನಿಗೆ 67 ವರ್ಷ. ರಾತ್ರಿ ಪದೇ ಪದೇ ಮೂತ್ರಕ್ಕೆ ಏಳ್ತಾರೆ. ಪಿಎಸ್‌ಎ (ಪ್ರಾಸ್ಟೇಟ್‌ಗೆ ಸಂಬಂಧಿಸಿದ ರಕ್ತಪರೀಕ್ಷೆ) 6.8 ಬಂದಿದೆ. ಮೊದಲ ಸ್ಕ್ಯಾನಿಂಗ್‌ನಲ್ಲಿ ಪ್ರಾಸ್ಟೇಟ್ 4.9 × 4.1 × 4.0 ಸೆಂ.ಮೀ., 42 ಸಿಸಿ. ಇನ್ನೊಂದು ಕಡೆ ಮಾಡಿಸಿದರೆ 5.4 × 4.4 × 4.3, ಅಂದರೆ 53 ಸಿಸಿ! ಎರಡೂ ಹೊಟ್ಟೆ ಮೇಲಿಂದ ಮಾಡಿದ್ದೇ. ಗ್ರಂಥಿ ಮೊಟ್ಟೆಯಾಕಾರ ಅಂತ ಹಿಡಿದು ಮೂರೂ ಅಳತೆ ಗುಣಿಸಿ, ಮತ್ತೆ 0.52ರಿಂದ ಗುಣಿಸ್ತಾರೆ. ಹಾಗಾಗಿ ಒಂದೊಂದರಲ್ಲೂ ಮೂರರಿಂದ ಐದು ಮಿಲಿಮೀಟರ್ ಆಚೀಚೆ ಆದರೂ ಸಾಕು, ಸಿಸಿ ಇಷ್ಟು ಜಿಗಿಯುತ್ತೆ.

ತಲೆಬಿಸಿ ಇರೋದು ಇಲ್ಲಿ: ಪಿಎಸ್‌ಎಯನ್ನು ಗಾತ್ರದಿಂದ ಭಾಗಿಸಿದರೆ ಒಂದರಲ್ಲಿ 0.16, ಇನ್ನೊಂದರಲ್ಲಿ 0.13. ಸಾಮಾನ್ಯವಾಗಿ 0.15 ದಾಟಿದರೆ ಬಯಾಪ್ಸಿ (ಸೂಜಿಯಿಂದ ಗ್ರಂಥಿಯ ಚೂರು ತೆಗೆದು ಕ್ಯಾನ್ಸರ್ ಇದೆಯಾ ಅಂತ ನೋಡೋದು) ಕಡೆ ವಾಲ್ತಾರೆ. ಅಪ್ಪ ಬಯಾಪ್ಸಿ ಅಂದರೆ ಸಾಕು, ಎದ್ದು ಹೊರಗೆ ಹೋಗ್ತಾರೆ.

ಗುದದ್ವಾರದ ಮೂಲಕ ಮಾಡುವ 3ಡಿ ಅಲ್ಟ್ರಾಸೌಂಡ್‌ನಲ್ಲಿ ಸೂತ್ರಕ್ಕೆ ಜೋತು ಬೀಳದೆ, ಒಂದೊಂದು ಕೋನದಲ್ಲೂ ಗ್ರಂಥಿಯ ಅಂಚು ಗೆರೆ ಎಳೆದು ಗಾತ್ರ ತೆಗೀಬಹುದು ಅಂತ ಓದಿದೆ. ಇದನ್ನು ಮೈಸೂರಿನಲ್ಲಿ ಮಾಡ್ತಾರಾ, ಬೆಂಗಳೂರಿಗೇ ಹೋಗಬೇಕಾ? ಹೇಗೂ ಎಂಆರ್‌ಐ ಮಾಡಿಸೋದಾದರೆ ಅದರಲ್ಲೇ ಗಾತ್ರ ಸಿಗುತ್ತಲ್ಲ, ಈ 3ಡಿ ದಂಡ ಖರ್ಚಾ? ಮೂತ್ರಕೋಶ ತುಂಬಿದ್ದರೆ ಅಳತೆ ಏರುಪೇರಾಗುತ್ತಾ?

ಮನೆಯಲ್ಲಿ ಯಾರಿಗಾದರೂ ಮಾಡಿಸಿದ್ದರೆ ಖರ್ಚು ಎಷ್ಟಾಯ್ತು ಅಂತಲೂ ಹೇಳಿ. ಮುಂದಿನ ವಾರ ಡಾಕ್ಟರ್ ಹತ್ರ ಹೋಗ್ತಿದ್ದೀವಿ, ಏನೇನು ಕೇಳಬೇಕು ಅಂತ ಪಟ್ಟಿ ಮಾಡ್ಕೋತಿದ್ದೀನಿ.