ಅಪ್ಪ ಅಮ್ಮನ್ನ ಮೊದಲ ಸಲ ಫಾರಿನ್‌ಗೆ ಕರ್ಕೊಂಡು ಹೋಗ್ಬೇಕು, ಗ್ರೂಪ್ ಟೂರ್ ಒಳ್ಳೇದಾ ನಾವೇ ಹೋಗೋದಾ?

ತೋಟದಮನೆ, ತೀರ್ಥಹಳ್ಳಿ
ಎಲ್ರಿಗೂ ನಮಸ್ಕಾರ. ಅಪ್ಪನಿಗೆ 67, ಅಮ್ಮನಿಗೆ 61. ಕಾಶಿ, ತಿರುಪತಿ ಎಲ್ಲಾ ರೈಲಲ್ಲೇ ಹೋಗಿ ಬಂದವ್ರು, ವಿಮಾನ ಹತ್ತಿಲ್ಲ. ಈ ಸಲ ಕೊನೆಕೊಯ್ಲು ಮುಗಿದು ಅಡಿಕೆ ಮಂಡಿಗೆ ಹಾಕಿದ್ ಮೇಲೆ ಫೆಬ್ರವರಿ ಕೊನೆಗೆ ಥೈಲ್ಯಾಂಡೋ ಸಿಂಗಾಪುರನೋ ತೋರಿಸ್ಬೇಕು ಅಂತ ನಂಗೂ ತಂಗಿಗೂ ಬಹಳ ಆಸೆ. ಒಬ್ರು ಟೂರ್‌ನವ್ರು 6 ದಿನದಲ್ಲಿ ಬ್ಯಾಂಕಾಕ್, ಪಟ್ಟಾಯ, ಸಿಂಗಾಪುರ ಮೂರೂ ಅಂತಿದಾರೆ. ಅಮ್ಮಂಗೆ ಮಂಡಿ ನೋವು, ಇಬ್ರೂ ಸಸ್ಯಾಹಾರಿ, ಪಾಸ್‌ಪೋರ್ಟ್ ಇನ್ನೂ ಮಾಡ್ಸಿಲ್ಲ. ಎಲ್ಲಿಂದ ಶುರು ಮಾಡ್ಲಿ?

ಸಾಗರದ ಅಕ್ಕ
ತಮ್ಮಾ, 6 ದಿನಕ್ಕೆ ಮೂರು ಊರು ಬೇಡ್ವೇ ಬೇಡ. ನಾನು ಅತ್ತೆ ಮಾವನ್ನ ಕರ್ಕೊಂಡು ಇಂಥದ್ದೇ ಗ್ರೂಪಲ್ಲಿ ಥೈಲ್ಯಾಂಡಿಗೆ ಹೋಗಿದ್ದೆ, ಬೆಂಗಳೂರಿಂದ ರಾತ್ರಿ ಫ್ಲೈಟ್, ಬೆಳಿಗ್ಗೆ ಇಳಿದ ಕೂಡ್ಲೆ ರೂಮೂ ಕೊಡ್ದೆ ಬಸ್ ಹತ್ತಿಸಿ ನೇರ ಪಟ್ಟಾಯಕ್ಕೆ ಕರ್ಕೊಂಡು ಹೋದ್ರು, ಅತ್ತೆಗೆ ಹಿಂದಿನ ದಿನ ಸಾಗರದಿಂದ ಹೊರಟಿದ್ದ ಸುಸ್ತು ಬೇರೆ, ಎರಡು ದಿನ ಕಾಲು ಊದ್ಕೊಂಡಿತ್ತು. ನಮ್ಮೂರಿಂದ ಹೋಗೋರು ಬೆಂಗಳೂರು ಪ್ರಯಾಣನೂ ಲೆಕ್ಕಕ್ಕೆ ಹಿಡೀಬೇಕು, ಒಂದು ದಿನ ಮುಂಚೆ ಹೋಗಿ ಅಲ್ಲಿ ಮಲಗಿ ಹೊರಡಿ.

ಗ್ರೂಪ್ ಟೂರ್ ಕೆಟ್ಟದ್ದಲ್ಲ, ಮೊದಲ ಸಲ ಹೋಗೋರಿಗೆ ಊಟ, ಬಸ್ಸು, ಭಾಷೆ ಯಾವ್ದೂ ತಲೆನೋವಿರಲ್ಲ. ಆದ್ರೆ ರೇಟ್ ನೋಡೋಕ್ ಮುಂಚೆ ದಿನದ ಪ್ಲಾನ್ ಬರೆದು ಕೊಡಿ ಅಂತ ಕೇಳಿ. ಎಷ್ಟು ಗಂಟೆಗೆ ಎದ್ದೇಳ್ಬೇಕು, ಹೋಟೆಲ್ ಊರೊಳಗೆ ಇದ್ಯಾ ಹೊರಗಾ, ಯಾವ ಟಿಕೆಟ್ ದುಡ್ಡು ಸೇರಿದೆ, ಯಾವ್ದು ಅಲ್ಲಿ ಹೋಗಿ ಕೊಡ್ಬೇಕು. ನಮ್ಮನ್ನ ಎರಡು ಸಲ ಒಡವೆ ಅಂಗಡಿಗೆ ಕರ್ಕೊಂಡು ಹೋಗಿ ಗಂಟೆಗಟ್ಲೆ ಕೂರಿಸಿದ್ರು, ಅದೇ ಟೈಮಲ್ಲಿ ಇನ್ನೊಂದು ದೇವಸ್ಥಾನ ನೋಡ್ಬಹುದಿತ್ತು ಅಂತ ನಂಗೆ ಇವತ್ತಿಗೂ ಬೇಜಾರು.

ನನ್ ಕೇಳಿದ್ರೆ ಬ್ಯಾಂಕಾಕ್ ಒಂದೇ ಇಟ್ಕೊಳ್ಳಿ, ಒಂದು ದಿನ ಹತ್ರದ ಹಳೇ ರಾಜಧಾನಿ ಅಯುತ್ಥಯ. ಆ ಹೆಸ್ರು ಬಂದಿದ್ದೇ ಅಯೋಧ್ಯೆಯಿಂದ. ಬ್ಯಾಂಕಾಕಲ್ಲಿ ಅರಮನೆ ಪಕ್ಕದ ಪಚ್ಚೆ ಬುದ್ಧನ ಗುಡಿ ಸುತ್ತ ಗೋಡೆ ಮೇಲೆ ಇಡೀ ರಾಮಾಯಣ ಬರೆದಿದಾರೆ, 178 ಚಿತ್ರ. ನಮ್ ಮಾವ ಯಕ್ಷಗಾನ ನೋಡ್ಕೊಂಡೇ ಬೆಳೆದವ್ರು, ಗೈಡ್ ಬಾಯಿ ಬಿಡೋಕ್ ಮುಂಚೆನೇ ಇವನು ಹನುಮಂತ, ಇದು ಲಂಕೆ ಅಂತ ನಮಗೇ ಹೇಳ್ತಾ ಹೋದ್ರು, ಆ ಮುಖದ ಖುಷಿ ನೋಡೋಕೆ ಎಷ್ಟು ಖರ್ಚು ಮಾಡಿದ್ರೂ ಸೈ ಅನ್ನಿಸ್ತು. ವಾಟ್ ಫೋ ಅನ್ನೋ ಗುಡೀಲಿ ಮಲಗಿರೋ ಬುದ್ಧ 46 ಮೀಟರ್ ಉದ್ದ, ಅದೂ ಹತ್ರದಲ್ಲೇ. ಅರಮನೆಗೆ ಭುಜ, ಮಂಡಿ ಮುಚ್ಚೋ ಬಟ್ಟೆ ಬೇಕು.

ಊಟದ್ದೊಂದು ಹುಷಾರು. ಅಲ್ಲಿ ತರಕಾರಿ ಅಡುಗೆಗೂ ಮೀನಿನ ಸಾಸ್ ಹಾಕ್ತಾರೆ. "ಜೇ" ಅಂತ ಕೇಳಿ, ಹಳದಿ ಬಾವುಟದಲ್ಲಿ ಕೆಂಪು ಅಕ್ಷರ ಇರೋ ಅಂಗಡಿಲಿ ಮಾಂಸ ಮೀನು ಯಾವ್ದೂ ಇರಲ್ಲ.

ವಿನೋಬನಗರ, ಶಿವಮೊಗ್ಗ
ಪಾಸ್‌ಪೋರ್ಟ್ ಮೊದ್ಲು ಮಾಡ್ಸಿ ಸರ್, ಉಳಿದಿದ್ದು ಆಮೇಲೆ. 36 ಪುಟದ್ದಕ್ಕೆ 1500 ರೂಪಾಯಿ, 60 ದಾಟಿದವ್ರಿಗೆ ಶೇ. 10 ಕಡಿಮೆ. ತೊಂದ್ರೆ ಬರೋದು ಹೆಸ್ರಲ್ಲಿ ಮತ್ತೆ ಹುಟ್ಟಿದ ತಾರೀಕಲ್ಲಿ. ನಮ್ಮಪ್ಪಂದು ಆಧಾರಲ್ಲಿ ಒಂದು, ವೋಟರ್ ಐಡಿಲಿ ಇನ್ನೊಂದಿತ್ತು, ಸರಿ ಮಾಡ್ಸೋಕೇ ಒಂದೂವರೆ ತಿಂಗಳು ಓಡಾಡಿದೀನಿ. ಅರ್ಜಿ ಹಾಕೋಕ್ ಮುಂಚೆನೇ ಎಲ್ಲಾ ಕಾರ್ಡ್ ಮುಂದೆ ಇಟ್ಕೊಂಡು ನೋಡಿ. ಎಸ್‌ಎಸ್‌ಎಲ್‌ಸಿ ಮಾಡಿಲ್ಲ ಅಂದ್ರೂ ಚಿಂತೆ ಇಲ್ಲ, 50 ವರ್ಷ ದಾಟಿದವ್ರ ಪಾಸ್‌ಪೋರ್ಟಿಗೆ ಇಸಿಆರ್ ಅಂತ (ಕೆಲವು ದೇಶಕ್ಕೆ ಕೆಲಸಕ್ಕೆ ಹೋಗೋಕೆ ಸರ್ಕಾರದ ಅನುಮತಿ ಬೇಕು ಅನ್ನೋ ಗುರುತು, ಎಸ್‌ಎಸ್‌ಎಲ್‌ಸಿ ಆಗದವ್ರಿಗೆ ಹಾಕೋದು) ಹಾಕಲ್ಲ. ಪೊಲೀಸ್ ವೆರಿಫಿಕೇಶನ್‌ಗೆ ಬಂದಾಗ ಇಬ್ರೂ ಮನೇಲಿರ್ಲಿ.

ಇನ್ನೊಂದು, ಪ್ಯಾಕೇಜ್ ಬಿಲ್ಲಲ್ಲಿ ಟಿಸಿಎಸ್ ಅಂತ, ಅಂದ್ರೆ ಟೂರ್‌ನವ್ರು ಮುಂಚೆನೇ ಹಿಡಿಯೋ ಆದಾಯ ತೆರಿಗೆ, ಸೇರಿಸ್ತಾರೆ. ಅದು ನಿಮ್ಮ ಪ್ಯಾನ್ ಮೇಲೆ ಜಮಾ ಆಗುತ್ತೆ, ರಿಟರ್ನ್ ಹಾಕಿದ್ರೆ ವಾಪಸ್ ಕೇಳ್ಬಹುದು. ತೋಟದ ಆದಾಯಕ್ಕೆ ತೆರಿಗೆ ಇಲ್ಲ ಅಂತ ರಿಟರ್ನೇ ಹಾಕದವ್ರು ಆ ದುಡ್ಡು ಬಿಟ್ಟೇ ಬಿಡ್ತಾರೆ.

ಕೊಪ್ಪದವ
ಅಕ್ಕ ಹೇಳಿದ್ದು ಸರಿ, ಆದ್ರೆ ಮಂಡಿ ನೋವಿಗೆ ನಾನು ಸಿಂಗಾಪುರನೇ ಅಂತೀನಿ. ಥೈಲ್ಯಾಂಡಿಗಿಂತ ಖರ್ಚು ಜಾಸ್ತಿ, ವೀಸಾನೂ ಬೇಕು, ನೇರ ಹಾಕೋಕಾಗಲ್ಲ, ಮಾನ್ಯತೆ ಇರೋ ಏಜೆಂಟ್ ಮೂಲಕನೇ. ಆದ್ರೆ ಮೆಟ್ರೋ ಸ್ಟೇಷನ್‌ಗಳಲ್ಲಿ ಲಿಫ್ಟ್ ಇದೆ, ಸೆರಂಗೂನ್ ರೋಡ್ ಹತ್ರ ರೂಮ್ ಮಾಡಿದ್ರೆ ಇಡ್ಲಿ ದೋಸೆ ಕಾಲಳತೆಲೇ ಸಿಗುತ್ತೆ, ಪೆರುಮಾಳ್ ಗುಡಿನೂ ಅಲ್ಲೇ. ನಾವು ಟೂರ್ ಇಲ್ದೇ ಹೋಗಿ ಒಂದು ದಿನಕ್ಕೆ ಮಾತ್ರ ಗೈಡ್ ತಗೊಂಡ್ವಿ, ಮಧ್ಯಾಹ್ನ ಅಮ್ಮಂಗೆ ಸುಸ್ತಾದ್ರೆ ರೂಮಿಗೆ ಬಂದು ಮಲಗ್ತಿದ್ರು, ಗ್ರೂಪಲ್ಲಿ ಅದು ಆಗ್ತಿರ್ಲಿಲ್ಲ ಮಾರಾಯ. ವಿಮಾನದವ್ರಿಗೆ ಎರಡು ದಿನ ಮುಂಚೆ ಹೇಳಿ ವೀಲ್‌ಚೇರ್ ತಗೊಳ್ಳಿ, ದುಡ್ಡಿಲ್ಲ, ಸಂಕೋಚ ಬೇಡ.

ಎರಡು ದೇಶಕ್ಕೂ ಇಳಿಯೋ ಮುಂಚಿನ ಮೂರು ದಿನದಲ್ಲಿ ಆನ್‌ಲೈನ್ ಅರೈವಲ್ ಕಾರ್ಡ್ ತುಂಬ್ಬೇಕು. ಅದು ಫ್ರೀ. ದುಡ್ಡು ಕೇಳಿದ್ರೆ ನಕಲಿ ಸೈಟು ಅಂತ ತಿಳ್ಕೊಳ್ಳಿ.

ತೋಟದಮನೆ, ತೀರ್ಥಹಳ್ಳಿ
ಅಕ್ಕಾ, ಎಲ್ರಿಗೂ ಥ್ಯಾಂಕ್ಸ್. ಯಕ್ಷಗಾನದ ಮಾತು ಓದಿ ಹೇಳ್ದೆ, ಅಪ್ಪ ಆಗ್ಲೇ ಬ್ಯಾಂಕಾಕ್ ಅಂತಿದಾರೆ. ನಾಳೆನೇ ಆಧಾರ್ ನೋಡ್ತೀನಿ. ಅಮ್ಮ ದಾರಿಗೆ ಅಂತ ಜೋನಿ ಬೆಲ್ಲ, ತುಪ್ಪ ಕಟ್ತೀನಿ ಅಂತಿದಾರೆ, ಬಿಡ್ತಾರಾ?

ಸಾಗರದ ಅಕ್ಕ
ಕೈ ಬ್ಯಾಗಲ್ಲಿ ನೀರಿನಂಥದ್ದು ಯಾವ್ದೂ 100 ಎಂಎಲ್ ಮೇಲೆ ಬಿಡಲ್ಲ, ಬೆಲ್ಲ ತುಪ್ಪ ಎರಡೂ ಬೇಡ. ಅವಲಕ್ಕಿ, ಚಟ್ನಿಪುಡಿ ಕಟ್ಲಿ. ಮಂಡಿ ನೋವಿನ ಮಾತ್ರೆ ಮಾತ್ರ ಸ್ಟ್ರಿಪ್ ಸಮೇತ, ಡಾಕ್ಟರ್ ಚೀಟಿ ಜೊತೆ ಕೈ ಬ್ಯಾಗಲ್ಲೇ ಇರ್ಲಿ.